ನಾಲ್ಕು ಪಿಸ್ಟನ್ ಅಂದ ಮಾತ್ರಕ್ಕೆ ಎರಡು ಪಟ್ಟು ಬ್ರೇಕ್ ಅಲ್ಲ

ಡಾಟ್ಸನ್ 240 ಝಡ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಒಂದಲ್ಲ ಒಂದು ದಿನ ಟೊಯೊಟಾ ಪಿಕಪ್‌ನ ಕ್ಯಾಲಿಪರ್ ಬಗ್ಗೆ ವಿಚಾರಿಸಿಯೇ ವಿಚಾರಿಸುತ್ತಾರೆ. ಕ್ಯಾಲಿಪರ್ ಅಂದರೆ ಒಳಗಿನ ಪಿಸ್ಟನ್‌ನಿಂದ ಪ್ಯಾಡುಗಳನ್ನು ತಳ್ಳಿ ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ. ಹೈಲಕ್ಸ್ ಅನ್ನೋ ಆ ಪಿಕಪ್‌ನ ಫೋರ್ ವ್ಹೀಲ್ ಡ್ರೈವ್ ಮಾಡೆಲ್‌ನಲ್ಲಿ ಬರುತ್ತಿದ್ದ ನಾಲ್ಕು ಪಿಸ್ಟನ್ ಕ್ಯಾಲಿಪರ್ ಈ ಸ್ಪೋರ್ಟ್ಸ್ ಕಾರಿನ ಮುಂದಿನ ಸ್ಟ್ರಟ್‌ನಲ್ಲಿ (ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ ಕಂಬ) ಇರುವ ಅದೇ ಎರಡು ತೂತಿಗೆ ಬಂದು ಕೂರುತ್ತದೆ. ಬ್ರಾಕೆಟ್ ಬೇಡ, ವೆಲ್ಡಿಂಗ್ ಬೇಡ. ಬೇರೆ ಕಂಪನಿಯ, ಬೇರೆ ಜಾತಿಯ ಗಾಡಿಯ ಪಾರ್ಟ್ ಇಷ್ಟು ಸಲೀಸಾಗಿ ಕೂರುವುದು ಅಪರೂಪ. ಅದಕ್ಕೇ ಈ ಅದಲುಬದಲು ದಶಕಗಳಿಂದ ನಡೆಯುತ್ತಲೇ ಇದೆ. ನಾನೂ ಮಾಡಿದ್ದೇನೆ, ಈಗ ಅದರಲ್ಲೇ ಓಡಿಸುತ್ತಿದ್ದೇನೆ. ಮಾಡಿದ್ದಕ್ಕೆ ಬೇಜಾರಿಲ್ಲ. ಆದರೆ ಇದರ ಬಗ್ಗೆ ಕೇಳುವವರಲ್ಲಿ ಹೆಚ್ಚಿನವರು ತಪ್ಪು ಕಾರಣಕ್ಕೆ ಕೇಳುತ್ತಾರೆ ಅನ್ನೋದು ನನ್ನ ಅನಿಸಿಕೆ. ಹಾಗಾಗಿ ಎಲ್ಲ ಒಂದೇ ಕಡೆ ಬರೆದುಬಿಡೋಣ ಅಂತ ಕೂತೆ.

ಮೊದಲು ಕಾರಿನಲ್ಲಿ ಏನಿರುತ್ತದೆ ನೋಡೋಣ. 240 ಝಡ್ ಬಂದಿದ್ದು 1969ರ ಕೊನೆಯಲ್ಲಿ. ಮುಂದೆ 271 ಮಿ.ಮೀ. ವ್ಯಾಸದ ಗಟ್ಟಿ ಡಿಸ್ಕ್, ಅಂದರೆ ಮಧ್ಯೆ ಗಾಳಿ ಆಡುವ ಸಂದಿ ಇಲ್ಲದ್ದು. ಅದರ ಮೇಲೆ ಎರಡು ಪಿಸ್ಟನ್‌ನ ಫಿಕ್ಸೆಡ್ ಕ್ಯಾಲಿಪರ್, ಡಿಸ್ಕಿನ ಆ ಕಡೆ ಒಂದು ಪಿಸ್ಟನ್, ಈ ಕಡೆ ಒಂದು. ಹಿಂದೆ ಡ್ರಮ್, ಅಂದರೆ ಶೂಗಳು ಒಳಗಿನಿಂದ ಹರಡಿ ಒತ್ತುವ ಬ್ರೇಕು. ಕಾರಿನ ತೂಕ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಆ ಕಾಲಕ್ಕೆ ಇದು ಒಳ್ಳೆಯ ಬ್ರೇಕೇ. ಈಗ ಓಡಿಸಿದರೆ ಪೆಡಲ್ ಮೆತ್ತಗೆ ಅನಿಸುತ್ತದೆ, ಘಾಟಿಯಲ್ಲಿ ನಾಲ್ಕು ತಿರುವು ಜೋರಾಗಿ ಇಳಿದರೆ ವಾಸನೆ ಬರುತ್ತದೆ. ಆಗ ಹೈಲಕ್ಸ್ ನೆನಪಾಗುತ್ತದೆ.

ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹಾಕಿದ ಮೇಲೆ ಕಾರು ಬೇಗ ನಿಲ್ಲುತ್ತದಾ?

ಒಂದು ಸಲ ಜೋರಾಗಿ ಒತ್ತಿ ನಿಲ್ಲಿಸುವ ಮಾತಾದರೆ, ಇಲ್ಲ. ಕಾರನ್ನು ನಿಲ್ಲಿಸುವುದು ಟೈರು. ಕ್ಯಾಲಿಪರ್ ಚಕ್ರವನ್ನು ಮಾತ್ರ ನಿಲ್ಲಿಸುತ್ತದೆ. ನಿಮ್ಮ ಹಳೆಯ ಬ್ರೇಕು ಒಣ ರಸ್ತೆಯಲ್ಲಿ ಚಕ್ರವನ್ನು ಲಾಕ್ ಮಾಡುವಷ್ಟು ಗಟ್ಟಿ ಇದ್ದರೆ, ಅದಕ್ಕಿಂತ ಗಟ್ಟಿ ಬ್ರೇಕ್ ಹಾಕಿ ಏನೂ ಪ್ರಯೋಜನವಿಲ್ಲ. ಚಕ್ರ ಇನ್ನೂ ಸುಲಭವಾಗಿ ಲಾಕ್ ಆಗುತ್ತದೆ, ಅಷ್ಟೇ. ಲೆಕ್ಕ ನೋಡಿ. ಗಂಟೆಗೆ 100 ಕಿ.ಮೀ. ವೇಗದಿಂದ 0.8 ಜಿ (ಗುರುತ್ವದ 0.8 ಪಟ್ಟು) ಹಿಡಿತದ ಟೈರಿನಲ್ಲಿ ನಿಲ್ಲಲು ಸುಮಾರು 49 ಮೀಟರ್ ಬೇಕು. 0.9 ಜಿ ಹಿಡಿತ ಕೊಡುವ ಟೈರು ಹಾಕಿದರೆ 44 ಮೀಟರ್ ಸಾಕು. ಐದು ಮೀಟರ್ ಅಂದರೆ ಒಂದು ಕಾರಿನ ಉದ್ದಕ್ಕಿಂತ ಜಾಸ್ತಿ. ಬರೀ ಟೈರಿನಿಂದ ಬಂದಿದ್ದು, ಒಂದು ಬೋಲ್ಟೂ ಬಿಚ್ಚದೆ. ಹತ್ತು ವರ್ಷ ಹಳೆಯ ಗಟ್ಟಿಯಾದ ಟೈರು ಇಟ್ಟುಕೊಂಡು ಕ್ಯಾಲಿಪರ್ ಹುಡುಕುವವರಿಗೆ ನಾನು ಮೊದಲು ಹೇಳೋದು ಇದನ್ನೇ. ಯಾರಿಗೂ ಇಷ್ಟ ಆಗಲ್ಲ. ಟೈರಿಗೆ ಬಣ್ಣ ಹೊಡೆದು ತೋರಿಸೋಕಾಗಲ್ಲ ಅಲ್ವಾ.

ಇನ್ನು ಪಿಸ್ಟನ್ ವಿಷಯ. ಎರಡು ಇದ್ದದ್ದು ನಾಲ್ಕಾಯಿತು, ಹಾಗಾಗಿ ಬ್ರೇಕು ಎರಡು ಪಟ್ಟಾಯಿತು ಅಂತ ಬಹಳ ಜನ ನಂಬಿದ್ದಾರೆ. ಪಿಸ್ಟನ್ ಎಣಿಸಬೇಡಿ, ವಿಸ್ತೀರ್ಣ ಕೂಡಿ. ಒತ್ತುವ ಬಲ ಬರುವುದು ಬ್ರೇಕ್ ಆಯಿಲ್‌ನ ಒತ್ತಡ ಮತ್ತು ಪಿಸ್ಟನ್ ಮುಖದ ವಿಸ್ತೀರ್ಣ ಇವೆರಡರ ಗುಣಾಕಾರದಿಂದ. ಹಳೆಯ ಕ್ಯಾಲಿಪರ್‌ನಲ್ಲಿ ಒಂದು ಕಡೆಗೆ 54 ಮಿ.ಮೀ. ಪಿಸ್ಟನ್ ಇದೆ ಅಂತಿಟ್ಟುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 22.9 ಚದರ ಸೆಂ.ಮೀ. ಹೊಸದರಲ್ಲಿ ಒಂದು ಕಡೆಗೆ 43 ಮತ್ತು 34 ಮಿ.ಮೀ. ಅಳತೆಯ ಎರಡು ಪಿಸ್ಟನ್ ಇವೆ ಅಂದುಕೊಳ್ಳಿ. ಎರಡೂ ಸೇರಿ ಸುಮಾರು 23.6. ವ್ಯತ್ಯಾಸ ನೂರಕ್ಕೆ ಮೂರು! ಪಿಸ್ಟನ್ ಸಂಖ್ಯೆ ದುಪ್ಪಟ್ಟು, ಬಲ ಮಾತ್ರ ಹೆಚ್ಚು ಕಡಿಮೆ ಅಷ್ಟೇ. ಹಾಗಾಗಿ ನಿಮ್ಮ ಕೈಗೆ ಬಂದ ಕ್ಯಾಲಿಪರ್ ಯಾವುದೇ ಇರಲಿ, ವರ್ನಿಯರ್ ಹಿಡಿದು ಅಳೆಯಿರಿ. ಹೈಲಕ್ಸ್ ಮತ್ತು ಅದರ ಅಣ್ಣ ತಮ್ಮಂದಿರಲ್ಲೇ ನೋಡಲು ಒಂದೇ ಥರ ಇದ್ದು ಒಳಗೆ ಬೇರೆ ಅಳತೆ ಇರುವ ಕ್ಯಾಲಿಪರ್‌ಗಳು ಬಂದಿವೆ. ಹಾಗಾಗಿ "ಫೋರ್ ಪಾಟ್" (ನಾಲ್ಕು ಪಿಸ್ಟನ್) ಅನ್ನೋ ಹೆಸರು ನೋಡಿ ಲೆಕ್ಕ ಹಾಕೋಕಾಗಲ್ಲ.

ಇಲ್ಲಿ ಇನ್ನೊಂದು ಗೊಂದಲವಿದೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಇರುವುದು ಫ್ಲೋಟಿಂಗ್ ಕ್ಯಾಲಿಪರ್. ಪಿಸ್ಟನ್ ಒಂದೇ ಕಡೆ ಇರುತ್ತದೆ, ಅದು ಒಳಗಿನ ಪ್ಯಾಡನ್ನು ತಳ್ಳಿದಾಗ ಇಡೀ ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆಯುತ್ತದೆ. ಫಿಕ್ಸೆಡ್ ಕ್ಯಾಲಿಪರ್‌ನಲ್ಲಿ ಎರಡೂ ಕಡೆ ಪಿಸ್ಟನ್ ಇರುತ್ತವೆ. ಇವೆರಡನ್ನು ಹೋಲಿಸುವಾಗ ಫಿಕ್ಸೆಡ್‌ನಲ್ಲಿ ಒಂದು ಕಡೆಯ ಪಿಸ್ಟನ್ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 54ರ ಒಂದೇ ಪಿಸ್ಟನ್ ಇರುವ ಫ್ಲೋಟಿಂಗ್ ಕ್ಯಾಲಿಪರೂ, ಎದುರುಬದುರು 54ರ ಎರಡು ಪಿಸ್ಟನ್ ಇರುವ ಫಿಕ್ಸೆಡ್ ಕ್ಯಾಲಿಪರೂ ಡಿಸ್ಕನ್ನು ಹಿಡಿಯುವ ಬಲ ಒಂದೇ. ನಾಲ್ಕೂ ಕೂಡಿಸಿ ಲೆಕ್ಕ ಹಾಕಿದವರಿಗೆ ಆಕಾಶದಷ್ಟು ದೊಡ್ಡ ಸಂಖ್ಯೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿ ನೋಡಿ ನಿರಾಸೆ.

ಹಾಗಾದರೆ ಸಿಗೋದೇನು? ಸಿಗೋದಿದೆ. ಪ್ಯಾಡ್ ದೊಡ್ಡದು, ಹಾಗಾಗಿ ಬೇಗ ಸವೆಯುವುದಿಲ್ಲ, ಶಾಖವೂ ಹೆಚ್ಚು ಜಾಗಕ್ಕೆ ಹರಡುತ್ತದೆ. ಎರಡು ಪಿಸ್ಟನ್ ಪ್ಯಾಡಿನ ಉದ್ದಕ್ಕೂ ಒತ್ತುವುದರಿಂದ ಅದು ಸಮನಾಗಿ ಕೂರುತ್ತದೆ. ಕ್ಯಾಲಿಪರ್‌ನ ಮೈ ದಪ್ಪ, ಭಾರದ ಗಾಡಿಗೆ ಅಂತ ಮಾಡಿದ್ದು. ಜೋರಾಗಿ ಒತ್ತಿದಾಗ ಕಡಿಮೆ ಬಾಗುತ್ತದೆ. ಕ್ಯಾಲಿಪರ್ ಬಾಯಿ ತೆರೆದಷ್ಟೂ ನಿಮ್ಮ ಕಾಲು ಕೆಳಗೆ ಹೋಗುತ್ತದೆ, ಆ ನಷ್ಟ ಇಲ್ಲಿ ಕಡಿಮೆ. ಪ್ಯಾಡ್, ಸೀಲು ಎಲ್ಲ ಸುಲಭವಾಗಿ ಸಿಗುತ್ತದೆ, ಅಷ್ಟು ಪಿಕಪ್‌ಗಳು ಜಗತ್ತಿನಲ್ಲಿ ಓಡುತ್ತಿವೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮುಂದೆ ವೆಂಟಿಲೇಟೆಡ್ ಡಿಸ್ಕ್, ಅಂದರೆ ಮಧ್ಯೆ ಗಾಳಿ ಆಡುವ ಸಂದಿ ಇರುವ ಡಿಸ್ಕ್ ಹಾಕುವ ದಾರಿ ತೆರೆದುಕೊಳ್ಳುತ್ತದೆ. ಸ್ವಲ್ಪ ಆಮೇಲಿನ, ಬಾಯಿ ಅಗಲ ಇರುವ ಟೊಯೊಟಾ ಕ್ಯಾಲಿಪರ್ ಹಾಕಿ, ಅದರ ಜೊತೆ 1984ರ ನಿಸ್ಸಾನ್ 300 ಝಡ್‌ಎಕ್ಸ್‌ನ ವೆಂಟಿಲೇಟೆಡ್ ಡಿಸ್ಕನ್ನು ಒಂದು ಸ್ಪೇಸರ್ ಇಟ್ಟು ಕೂರಿಸುವುದು ಝಡ್ ಮಂದಿ ಬಹಳ ಕಾಲದಿಂದ ಮಾಡಿಕೊಂಡು ಬಂದ ಕೆಲಸ.

ವೆಂಟಿಲೇಟೆಡ್ ಡಿಸ್ಕ್ ಯಾಕೆ ಅಂದರೆ, ಬ್ರೇಕಿನ ನಿಜವಾದ ಕೆಲಸ ಇರೋದೇ ಶಾಖದಲ್ಲಿ. ಕಾರು ಮತ್ತು ಓಡಿಸುವವರು ಸೇರಿ 1,100 ಕೆ.ಜಿ. ಅಂದುಕೊಂಡರೆ, 100 ಕಿ.ಮೀ. ವೇಗದಲ್ಲಿ ಕಾರಿನ ಚಲನಶಕ್ತಿ ಸುಮಾರು 424 ಕಿಲೋಜೂಲ್. ಇದರಲ್ಲಿ ನೂರಕ್ಕೆ ಎಪ್ಪತ್ತು ಮುಂದಿನ ಎರಡು ಡಿಸ್ಕಿಗೆ ಹೋಯಿತು, ಒಂದೊಂದು ಡಿಸ್ಕು 5 ಕೆ.ಜಿ. ಇದೆ ಅಂದರೆ, ಒಂದು ಸಲ ನಿಲ್ಲಿಸಿದ್ದಕ್ಕೇ ಡಿಸ್ಕು ಸುಮಾರು 65 ಡಿಗ್ರಿ ಬಿಸಿಯಾಗುತ್ತದೆ. ಅದು ಆರುವ ಮೊದಲೇ ಮತ್ತೆ ಒತ್ತಿದರೆ ಇನ್ನೊಂದು 65. ಹೀಗೇ ಏರುತ್ತಾ ಹೋಗುತ್ತದೆ. 160ರಿಂದ ನಿಲ್ಲಿಸಿದರೆ ಶಕ್ತಿ ಎರಡೂವರೆ ಪಟ್ಟು, ಯಾಕೆಂದರೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಟ್ಟಿ ಡಿಸ್ಕಿಗೆ ಈ ಶಾಖವನ್ನು ಬಿಡಲು ಎರಡು ಮುಖ ಮಾತ್ರ ಇವೆ. ಮಧ್ಯೆ ಸಂದಿ ಇರುವ ಡಿಸ್ಕು ತಿರುಗುವಾಗ ಒಳಗಿನಿಂದ ಗಾಳಿ ಎಳೆದು ಹೊರಗೆ ಎಸೆಯುತ್ತದೆ. ಜೊತೆಗೆ ಕಬ್ಬಿಣವೂ ಜಾಸ್ತಿ ಇರುವುದರಿಂದ ಒಂದೊಂದು ಸಲಕ್ಕೆ ಏರುವ ಡಿಗ್ರಿಯೂ ಕಡಿಮೆ.

ಘಾಟಿ ಇಳಿಯುವಾಗ ಬ್ರೇಕ್ ಕೈಕೊಟ್ಟರೆ ಯಾವ ಥರ ಕೈಕೊಟ್ಟಿತು ಅಂತ ಗಮನಿಸಿ. ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದರೂ ಕಾರು ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಬಿಸಿಯಾಗಿ ಹಿಡಿತ ಬಿಟ್ಟಿದೆ. ಒಳ್ಳೆಯ ಪ್ಯಾಡ್ ಹಾಕಿದರೆ ಮುಗಿಯಿತು. ಪೆಡಲ್ ಸ್ಪಂಜಿನಂತಾಗಿ ನೆಲಕ್ಕೆ ಹೋದರೆ ಬ್ರೇಕ್ ಆಯಿಲ್ ಕುದ್ದು ಒಳಗೆ ಆವಿ ಆಗಿದೆ ಅಂತ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4 ಆದರೆ 230, ಡಾಟ್ 5.1 ಆದರೆ 260. ಆದರೆ ಇವು ಗಾಳಿಯ ತೇವ ಹೀರುತ್ತವೆ. ತೇವ ಹೀರಿದ ಮೇಲೆ ಅದೇ ಡಾಟ್ 3ಕ್ಕೆ ಲೆಕ್ಕ 140ಕ್ಕೆ ಇಳಿಯುತ್ತದೆ, ಡಾಟ್ 4ಕ್ಕೆ 155ಕ್ಕೆ. ಎಷ್ಟೋ ಹಳೆಯ ಕಾರುಗಳ ಬ್ರೇಕ್ ಕೆಟ್ಟದ್ದು ಅನ್ನೋ ಅಪವಾದ ಕ್ಯಾಲಿಪರ್‌ನಿಂದ ಬಂದದ್ದೇ ಅಲ್ಲ, ವರ್ಷಗಟ್ಟಲೆ ಬದಲಿಸದ ಆಯಿಲ್ ಮತ್ತು ಉಬ್ಬುವ ರಬ್ಬರ್ ಹೋಸ್‌ನಿಂದ ಬಂದದ್ದು. ಡಾಟ್ 5 ಅನ್ನೋದು ಸಿಲಿಕಾನ್, ಅದು ಬೇರೆಯೇ ಜಾತಿ, 5.1ರ ಜೊತೆ ಗೊಂದಲ ಮಾಡಿಕೊಂಡು ಬೆರೆಸಬೇಡಿ.

ಈಗ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಸಿಲಿಂಡರ್. 240 ಝಡ್‌ನಲ್ಲಿ ಬರುವುದು 7/8 ಇಂಚಿನದ್ದು. ದೊಡ್ಡ ಕ್ಯಾಲಿಪರ್ ಹಾಕಿದವರು ಅದನ್ನು ತೆಗೆದು 280 ಝಡ್‌ಎಕ್ಸ್‌ನ 15/16 ಇಂಚಿನದ್ದು ಹಾಕುತ್ತಾರೆ. ಅಳತೆಯ ವ್ಯತ್ಯಾಸ ಚಿಕ್ಕದಾಗಿ ಕಂಡರೂ ವಿಸ್ತೀರ್ಣದಲ್ಲಿ ಅದು ನೂರಕ್ಕೆ 15ರಷ್ಟು ಜಾಸ್ತಿ. ಪರಿಣಾಮ ಎರಡು ಕಡೆ. ಒಂದೇ ಒತ್ತಿಗೆ ಹೆಚ್ಚು ಆಯಿಲ್ ಹೋಗುತ್ತದೆ, ಹಾಗಾಗಿ ಪೆಡಲ್ ಮೇಲೆಯೇ ಹಿಡಿಯುತ್ತದೆ, ಗಟ್ಟಿ ಅನಿಸುತ್ತದೆ. ಆದರೆ ಅಷ್ಟೇ ಒತ್ತಡ ಬರಬೇಕಾದರೆ ಕಾಲು 15ರಷ್ಟು ಜಾಸ್ತಿ ಬಲ ಹಾಕಬೇಕು. ಪೆಡಲ್ ಗಟ್ಟಿಯಾದ ಕೂಡಲೇ ಬ್ರೇಕ್ ಚೆನ್ನಾಗಾಯಿತು ಅಂತ ಖುಷಿಪಡುವವರನ್ನು ನೋಡಿದ್ದೇನೆ. ವಾಸ್ತವದಲ್ಲಿ ಅವರು ಬ್ರೇಕನ್ನು ಭಾರ ಮಾಡಿಕೊಂಡಿರುತ್ತಾರೆ. ಕ್ಯಾಲಿಪರ್‌ನ ವಿಸ್ತೀರ್ಣ ನಿಜಕ್ಕೂ ಜಾಸ್ತಿಯಾಗಿದ್ದರೆ ದೊಡ್ಡ ಮಾಸ್ಟರ್‌ಗೆ ಅರ್ಥವಿದೆ, ಮೇಲೆ ಹೇಳಿದಂತೆ ನೂರಕ್ಕೆ ಮೂರು ಮಾತ್ರ ಹೆಚ್ಚಿದ್ದರೆ ಹಳೆಯ ಮಾಸ್ಟರೇ ಸಾಕು, ಮೊದಲು ಅದರಲ್ಲೇ ಓಡಿಸಿ ನೋಡಿ. ನಾನಂತೂ ಹಗುರ ಪೆಡಲ್ ಇಷ್ಟಪಡುವವನು, ಸ್ವಲ್ಪ ಉದ್ದ ಹೋದರೂ ಪರವಾಗಿಲ್ಲ. ಕಾಲಿಗೆ ಬ್ರೇಕ್ ಎಷ್ಟು ಹಿಡಿಯುತ್ತಿದೆ ಅಂತ ಅಳೆಯಲು ಅದರಲ್ಲೇ ಸುಲಭ.

ಇದೆಲ್ಲಕ್ಕಿಂತ ದೊಡ್ಡ ವಿಷಯ, ಮತ್ತು ಜನ ಕಡಿಮೆ ಯೋಚಿಸುವ ವಿಷಯ, ಮುಂದೆ ಹಿಂದಿನ ಸಮತೋಲ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ತಿರುಗಿ ನಿಲ್ಲುತ್ತದೆ, ಅದಕ್ಕೇ ಕಾರ್ಖಾನೆಯವರು ಮುಂದಿನದು ಮೊದಲು ಲಾಕ್ ಆಗುವಂತೆ ಇಟ್ಟಿರುತ್ತಾರೆ. ಈಗ ನೀವು ಮುಂದಿನ ಬ್ರೇಕನ್ನು ಮಾತ್ರ ಬಲ ಮಾಡಿದಿರಿ. ಮುಂದಿನ ಚಕ್ರ ಇನ್ನೂ ಬೇಗ ಲಾಕ್ ಆಗುತ್ತದೆ, ಅಷ್ಟರಲ್ಲಿ ಹಿಂದಿನ ಡ್ರಮ್ ಅರ್ಧ ಕೆಲಸವನ್ನೂ ಮಾಡಿರುವುದಿಲ್ಲ. ಹಿಂದಿನ ಟೈರಿನ ಹಿಡಿತ ಬಳಕೆಯಾಗದೆ ಉಳಿಯುತ್ತದೆ. ಒಟ್ಟಾರೆ ನಿಲ್ಲುವ ದೂರ ಜಾಸ್ತಿಯಾಗಲೂಬಹುದು. ದುಡ್ಡು ಹಾಕಿ ಬ್ರೇಕ್ ಕೆಡಿಸಿಕೊಳ್ಳೋದು ಅಂದರೆ ಇದೇ.

ಆಗ ಯಾರಾದರೂ ಬಂದು ಹೇಳುತ್ತಾರೆ, ಹಿಂದಿನ ಲೈನಿಗೆ ಅಡ್ಜಸ್ಟೆಬಲ್ ಪ್ರೊಪೋರ್ಷನಿಂಗ್ ವಾಲ್ವ್ ಹಾಕು, ಬ್ಯಾಲೆನ್ಸ್ ಸರಿ ಮಾಡಿಕೊಳ್ಳಬಹುದು ಅಂತ. ಸ್ವಲ್ಪ ನಿಧಾನಿಸಿ. ಆ ವಾಲ್ವ್ ಮಾಡುವ ಕೆಲಸ ಒಂದೇ, ಹಿಂದಕ್ಕೆ ಹೋಗುವ ಒತ್ತಡವನ್ನು ಕಡಿಮೆ ಮಾಡುವುದು. ಜಾಸ್ತಿ ಮಾಡಲು ಅದಕ್ಕೆ ಬರುವುದಿಲ್ಲ. ನಿಮ್ಮ ತೊಂದರೆ ಹಿಂದೆ ಬ್ರೇಕ್ ಕಡಿಮೆ ಆಗಿರುವುದು. ಅದಕ್ಕೆ ಇನ್ನೂ ಕಡಿಮೆ ಮಾಡುವ ವಾಲ್ವ್ ಹಾಕಿ ಏನು ಸಾಧಿಸಿದಂತಾಯಿತು? ಹಿಂದೆಯೂ ದೊಡ್ಡ ಬ್ರೇಕ್ ಹಾಕಿ, ಅದು ಮೊದಲು ಲಾಕ್ ಆಗಲು ಶುರುವಾದರೆ ಆಗ ಆ ವಾಲ್ವಿಗೆ ಕೆಲಸ. ಮುಂದೆ ಮಾತ್ರ ಬದಲಿಸಿದವರು ನೋಡಬೇಕಾದದ್ದು ಹಿಂದಿನ ಡ್ರಮ್ಮಿನ ಶೂ ಯಾವುದು, ಅದು ಸರಿಯಾಗಿ ಅಡ್ಜಸ್ಟ್ ಆಗಿದೆಯಾ, ಶೂಗಳನ್ನು ತಳ್ಳುವ ವ್ಹೀಲ್ ಸಿಲಿಂಡರ್ ಸ್ವಲ್ಪ ದೊಡ್ಡ ಅಳತೆಯದು ಸಿಗುತ್ತದಾ ಅನ್ನೋದನ್ನ. ನನ್ನ ಕಾರಿನಲ್ಲಿ ಹೆಚ್ಚು ಹಿಡಿತದ ಶೂ ಹಾಕಿ, ಡ್ರಮ್ ಟರ್ನ್ ಮಾಡಿಸಿ (ಲೇತಿನಲ್ಲಿ ಒಳಮುಖ ಸಮ ಮಾಡಿಸಿ), ಅಡ್ಜಸ್ಟ್ ಮಾಡಿದ್ದಕ್ಕೇ ಕಾರು ಬ್ರೇಕ್ ಹಿಡಿಯುವ ರೀತಿ ಬದಲಾಯಿತು. ಮೂಗು ಕೆಳಗೆ ಬಗ್ಗುವುದು ಕಡಿಮೆಯಾಗಿ ಇಡೀ ಕಾರು ಕೂತಂತೆ ನಿಲ್ಲುತ್ತದೆ. ಮುಂದಿನ ಕ್ಯಾಲಿಪರ್‌ಗಿಂತ ಇದರಿಂದ ಸಿಕ್ಕ ಸಮಾಧಾನ ಹೆಚ್ಚು ಅಂದರೂ ತಪ್ಪಿಲ್ಲ.

ಹಿಂದೆಯೂ ಡಿಸ್ಕ್ ಬೇಕೇ ಬೇಕು ಅನ್ನುವವರು ನಿಸ್ಸಾನ್ 240 ಎಸ್‌ಎಕ್ಸ್‌ನ ಹಿಂದಿನ ಕ್ಯಾಲಿಪರನ್ನು ಬ್ರಾಕೆಟ್ ಮಾಡಿಸಿ ಹಾಕುತ್ತಾರೆ. ಅದರಲ್ಲಿ ಹ್ಯಾಂಡ್‌ಬ್ರೇಕ್ ವ್ಯವಸ್ಥೆ ಕ್ಯಾಲಿಪರ್ ಒಳಗೇ ಇರುತ್ತದೆ, ಕೇಬಲ್ ಹೊಂದಿಸುವುದೇ ಅರ್ಧ ಕೆಲಸ. ಅಲ್ಲದೆ ಡ್ರಮ್ಮಿಗೆ ಅಂತ ಮಾಡಿದ ಹಳೆಯ ಮಾಸ್ಟರ್ ಸಿಲಿಂಡರ್‌ಗಳಲ್ಲಿ ಎಷ್ಟೋ ಸಲ ಹಿಂದಿನ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುವ ಸಣ್ಣ ವಾಲ್ವ್ ಇರುತ್ತದೆ. ಡ್ರಮ್ಮಿಗೆ ಅದು ಒಳ್ಳೆಯದು, ಅಲ್ಲಿ ಶೂಗಳನ್ನು ವಾಪಸ್ ಎಳೆಯಲು ಸ್ಪ್ರಿಂಗ್ ಇದೆ. ಡಿಸ್ಕಿಗೆ ಸ್ಪ್ರಿಂಗ್ ಇಲ್ಲ. ಆ ವಾಲ್ವ್ ಉಳಿದರೆ ಪ್ಯಾಡು ಸದಾ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ.

ಗುಜರಿಯಿಂದ ತಂದ ಕ್ಯಾಲಿಪರ್ ಅಂದರೆ ಬಿಚ್ಚಿ ನೋಡದೆ ಹಾಕಲೇಬೇಡಿ. ಪಿಕಪ್‌ಗಳು ಕೆಸರಿನಲ್ಲಿ, ನೀರಿನಲ್ಲಿ ಓಡಿದ ಗಾಡಿಗಳು. ಗಾಳಿ ಬಿಟ್ಟು ಪಿಸ್ಟನ್ ಹೊರಗೆ ತರುವಾಗ ಮಧ್ಯೆ ಮರದ ತುಂಡು ಇಡಿ, ಬೆರಳು ದೂರ ಇರಲಿ, ಅದು ಗುಂಡಿನ ಥರ ಚಿಮ್ಮುತ್ತದೆ. ಪಿಸ್ಟನ್ ಮೇಲೆ ತುಕ್ಕಿನ ಗುಳಿ ಇದ್ದರೆ ಪಿಸ್ಟನ್ ಬದಲಿಸಿ. ಅದಕ್ಕಿಂತ ಮುಖ್ಯ, ಸೀಲು ಕೂರುವ ತೋಡು (ಗ್ರೂವ್). ಬ್ರೇಕ್ ಬಿಟ್ಟಾಗ ಪಿಸ್ಟನ್ ಒಂದು ಕೂದಲಿನಷ್ಟು ಹಿಂದೆ ಸರಿಯುವುದು ಆ ಚೌಕ ಅಂಚಿನ ರಬ್ಬರ್ ಸೀಲು ತಿರುಚಿಕೊಂಡು ಮತ್ತೆ ನೆಟ್ಟಗಾಗುವುದರಿಂದ. ತೋಡಿನ ತಳದಲ್ಲಿ ತುಕ್ಕು ಕಟ್ಟಿದ್ದರೆ ಸೀಲು ಪಿಸ್ಟನ್ನನ್ನು ಬಿಗಿಯಾಗಿ ಹಿಡಿದುಬಿಡುತ್ತದೆ, ಹೊಸ ಕಿಟ್ ಹಾಕಿದರೂ ಬ್ರೇಕ್ ಜಾಮ್. ತೊಳೆಯಲು ಪೆಟ್ರೋಲ್, ಸೀಮೆಎಣ್ಣೆ ಬೇಡ, ರಬ್ಬರ್ ಉಬ್ಬುತ್ತದೆ. ಜೋಡಿಸುವಾಗ ಬ್ರೇಕ್ ಆಯಿಲ್ ಅಥವಾ ಬ್ರೇಕಿಗೆ ಅಂತಲೇ ಬರುವ ಗ್ರೀಸ್ ಮಾತ್ರ. ಮತ್ತೆ, ಫಿಕ್ಸೆಡ್ ಕ್ಯಾಲಿಪರ್‌ನ ಎರಡು ಹೋಳನ್ನು ಸೇರಿಸಿರುವ ಬೋಲ್ಟುಗಳನ್ನು ಸುಮ್ನೆ ಬಿಚ್ಚಬೇಡಿ. ಒಳಗಿನ ಪಿಸ್ಟನ್‌ಗಳು ಅದನ್ನು ಬಿಚ್ಚದೆಯೇ ಬರುತ್ತವೆ.

ಕೂರಿಸುವ ಕೆಲಸ ಸುಲಭದ್ದೇ. ಹಿಂದಿನ ತಗಡಿನ ಡಸ್ಟ್ ಶೀಲ್ಡ್ ಅಡ್ಡ ಬರುತ್ತದೆ, ಕತ್ತರಿಸಬೇಕು ಇಲ್ಲವೇ ತೆಗೆಯಬೇಕು. ಸ್ಟ್ರಟ್‌ನಿಂದ ಕ್ಯಾಲಿಪರ್‌ಗೆ ಬರುವ ಚಿಕ್ಕ ಕಬ್ಬಿಣದ ಪೈಪು ಹಳೆಯ ಆಕಾರಕ್ಕೆ ಹೊಂದುವುದಿಲ್ಲ, ಹೊಸದು ಬಗ್ಗಿಸಿ ತುದಿ ಅರಳಿಸಬೇಕು (ಫ್ಲೇರ್ ಮಾಡಿಸಬೇಕು). ಪುಣ್ಯಕ್ಕೆ ಎರಡೂ ಜಪಾನಿ ಗಾಡಿ, ನಟ್ಟಿನ ಥ್ರೆಡ್ಡು ಒಂದೇ. ಚಕ್ರವನ್ನು ಪೂರ್ತಿ ಎರಡೂ ಕಡೆ ತಿರುಗಿಸಿ, ಸಸ್ಪೆನ್ಷನ್ ಮೇಲೆ ಕೆಳಗೆ ಮಾಡಿ, ಹೋಸ್ ಎಲ್ಲೂ ಎಳೆಯುತ್ತಿಲ್ಲ, ಉಜ್ಜುತ್ತಿಲ್ಲ ಅಂತ ನೋಡಿಕೊಳ್ಳಿ. ವೆಂಟಿಲೇಟೆಡ್ ಡಿಸ್ಕ್ ಹಾಕುವವರಿಗೆ ಕೆಲಸ ಜಾಸ್ತಿ, ಈ ಕಾರಿನಲ್ಲಿ ಡಿಸ್ಕು ಹಬ್ಬಿನ (ಚಕ್ರ ಕೂರುವ, ಬೇರಿಂಗ್ ಇರುವ ಭಾಗ) ಹಿಂಭಾಗಕ್ಕೆ ಬೋಲ್ಟ್ ಆಗಿರುತ್ತದೆ, ಅದನ್ನು ತೆಗೆಯಬೇಕಾದರೆ ಹಬ್ಬೇ ಹೊರಗೆ ಬರಬೇಕು. ಹೇಗೂ ಬಿಚ್ಚಿದ್ದೀರಿ, ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿ.

ಎಡ ಬಲ ಗಮನಿಸಿ. ಆಯಿಲಿನಲ್ಲಿ ಸೇರಿದ ಗಾಳಿ ಹೊರಗೆ ಬಿಡುವ (ಬ್ಲೀಡ್ ಮಾಡುವ) ಬ್ಲೀಡರ್ ನಿಪ್ಪಲ್ ಯಾವಾಗಲೂ ಮೇಲಿರಬೇಕು, ಗಾಳಿ ಮೇಲಕ್ಕೇ ಹೋಗುವುದು. ಎಡದ್ದನ್ನು ಬಲಕ್ಕೆ ಹಾಕಿ, ನಿಪ್ಪಲ್ ಕೆಳಗಾಗಿ, ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಮೆತ್ತಗೇ ಇದೆ ಅಂತ ಒದ್ದಾಡುವವರು ಕಡಿಮೆ ಇಲ್ಲ. ಇದರಲ್ಲಿ ಒಂದು ಸೂಕ್ಷ್ಮವೂ ಇದೆ. ಒಂದು ಪಿಸ್ಟನ್ ಚಿಕ್ಕದು, ಒಂದು ದೊಡ್ಡದು ಇರುವ ಕ್ಯಾಲಿಪರ್‌ನಲ್ಲಿ, ಡಿಸ್ಕು ಪ್ಯಾಡಿನ ಒಳಗೆ ಬರುವ ಕಡೆ ಚಿಕ್ಕ ಪಿಸ್ಟನ್ ಇರಬೇಕು. ಬರುವ ಕಡೆಯ ಅಂಚು ತಾನಾಗಿಯೇ ಹೆಚ್ಚು ಕಚ್ಚುತ್ತದೆ, ಅಲ್ಲಿ ಕಡಿಮೆ ಒತ್ತಿದರೆ ಪ್ಯಾಡು ಸಮನಾಗಿ ಸವೆಯುತ್ತದೆ. ದಾನಿ ಗಾಡಿಯಲ್ಲಿ ಕ್ಯಾಲಿಪರ್ ಆಕ್ಸಲ್‌ನ ಹಿಂದಿದ್ದು ನಿಮ್ಮ ಕಾರಿನಲ್ಲಿ ಮುಂದಿದ್ದರೆ, ನಿಪ್ಪಲ್ ಮೇಲಿರಲಿ ಅಂತ ಎಡ ಬಲ ಬದಲಾಯಿಸಬೇಕಾಗುತ್ತದೆ. ಆಗ ಚಿಕ್ಕ ಪಿಸ್ಟನ್ ಡಿಸ್ಕು ಹೊರಗೆ ಹೋಗುವ ಕಡೆಗೆ ಬಂದುಬಿಡುತ್ತದೆ. ಬ್ರೇಕ್ ಹಿಡಿಯುತ್ತದೆ, ಆದರೆ ಪ್ಯಾಡು ಓರೆಯಾಗಿ ಸವೆಯುತ್ತದೆ. ಬೇರೆ ಬೇರೆ ಕಾರಿನ ಕ್ಯಾಲಿಪರ್ ಹೊಂದಿಸುವವರು ಇದನ್ನು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಬ್ಲೀಡ್ ಮಾಡುವಾಗ ಹಳೆಯ ಮಾಸ್ಟರ್ ಇದ್ದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ದಿನಾ ಓಡಿಸುವಾಗ ಪೆಡಲ್ ಅರ್ಧದವರೆಗೆ ಮಾತ್ರ ಹೋಗುತ್ತಿರುತ್ತದೆ. ಅದರಿಂದಾಚೆ ಸಿಲಿಂಡರಿನಲ್ಲಿ ತುಕ್ಕು, ಕೊಳೆ ಇರುತ್ತದೆ. ನೆಲದವರೆಗೆ ಒತ್ತಿದರೆ ಸೀಲು ಅಲ್ಲಿಗೆ ಹೋಗಿ ಹರಿಯುತ್ತದೆ. ಆಮೇಲೆ ಕ್ಯಾಲಿಪರ್ ಹಾಕಿದ ಮೇಲೆ ಮಾಸ್ಟರ್ ಹೋಯಿತು ಅಂತ ಕ್ಯಾಲಿಪರನ್ನು ಬೈಯುತ್ತಾರೆ.

ಚಕ್ರದ ಒಳಗೆ ಜಾಗ ಇದೆಯಾ ಅನ್ನೋದು ಇನ್ನೊಂದು ತಲೆನೋವು. 14 ಇಂಚಿನ ಚಕ್ರದೊಳಗೆ ಗಟ್ಟಿ ಡಿಸ್ಕಿನ ಕ್ಯಾಲಿಪರ್ ಸಾಮಾನ್ಯವಾಗಿ ಹಿಡಿಸುತ್ತದೆ. ಅಗಲದ್ದು ಹಾಕಿ ಸ್ಪೇಸರ್ ಇಟ್ಟರೆ ಎಲ್ಲ ಚಕ್ರಕ್ಕೂ ಆಗಲ್ಲ. ಜನ ಚಕ್ರದ ವ್ಯಾಸ ಮಾತ್ರ ನೋಡುತ್ತಾರೆ, ಮುಟ್ಟುವುದು ಮಾತ್ರ ಎಷ್ಟೋ ಸಲ ಸ್ಪೋಕಿನ ಒಳಮುಖ. ರಟ್ಟಿನಲ್ಲಿ ಕ್ಯಾಲಿಪರ್ ಆಕಾರ ಕತ್ತರಿಸಿ ಚಕ್ರದೊಳಗೆ ಇಟ್ಟು ನೋಡಿ, ದುಡ್ಡು ಕೊಡುವ ಮೊದಲು.

ಎರವಲು ತರುವುದು ಬರೀ ಗ್ಯಾರೇಜಿನ ಐಡಿಯಾ ಅಂದುಕೊಳ್ಳಬೇಡಿ. ಪೋರ್ಶೆಯವರು 911 ಟರ್ಬೋದ 3.3 ಲೀಟರ್ ಮಾಡೆಲ್‌ಗೆ ತಮ್ಮದೇ 917 ರೇಸ್ ಕಾರಿನಿಂದ ಬಂದ ಬ್ರೇಕ್ ಹಾಕಿದರು. ಟ್ರಯಂಫ್ ಟಿಆರ್6 ಇಟ್ಟುಕೊಂಡವರೂ ಇದೇ ಟೊಯೊಟಾ ಕ್ಯಾಲಿಪರನ್ನು ಬ್ರಾಕೆಟ್ ಹಾಕಿ ಕೂರಿಸುತ್ತಾರೆ. ಸುಬಾರು ಡಬ್ಲ್ಯೂಆರ್‌ಎಕ್ಸ್‌ನ ನಾಲ್ಕು ಪಿಸ್ಟನ್ ಕ್ಯಾಲಿಪರ್ ಬಿಆರ್‌ಝಡ್‌ಗೆ ನೇರ ಕೂರುತ್ತದೆ. ಪೋರ್ಶೆ ಕಾಯೆನ್‌ನ ಆರು ಪಿಸ್ಟನ್ನಿನ ದೈತ್ಯವನ್ನು ಎಷ್ಟೋ ಕಾರುಗಳಿಗೆ ಹಾಕಿದ್ದನ್ನು ನೋಡಬಹುದು. ಎರಡು ಟನ್ ದಾಟಿದ ಗಾಡಿಗೆ ಮಾಡಿದ್ದನ್ನು ಪುಟ್ಟ ಕಾರಿಗೆ ಹಾಕುವುದು ನನ್ನ ಪ್ರಕಾರ ಮೂಗಿಗಿಂತ ಮೂಗುತಿ ಭಾರ. ಅಷ್ಟು ದೊಡ್ಡ ಪಿಸ್ಟನ್ ತುಂಬಲು ನಿಮ್ಮ ಮಾಸ್ಟರ್ ಸಾಲುವುದಿಲ್ಲ, ಸ್ಪ್ರಿಂಗಿನ ಕೆಳಗಿನ ತೂಕ ಏರುತ್ತದೆ, ಸಮತೋಲ ಪೂರ್ತಿ ಮುಂದಕ್ಕೆ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಇನ್ನೂ ಹುಷಾರು. ಅದರ ಕಂಪ್ಯೂಟರ್ ಲೆಕ್ಕ ಹಾಕಿಕೊಂಡಿರುವುದು ಹಳೆಯ ಕ್ಯಾಲಿಪರ್ ಎಷ್ಟು ಆಯಿಲ್ ಕುಡಿಯುತ್ತದೆ ಅನ್ನೋದರ ಮೇಲೆ.

ಎಲ್ಲ ಜೋಡಿಸಿದ ಮೇಲೆ ನೇರ ಮುಖ್ಯರಸ್ತೆಗೆ ಹೋಗಬೇಡಿ. ನಿಂತಲ್ಲೇ ಪೆಡಲನ್ನು ಜೋರಾಗಿ ಒತ್ತಿ ಹಿಡಿದು ಎಲ್ಲಾದರೂ ಜಿನುಗುತ್ತಿದೆಯಾ ನೋಡಿ. ಆಮೇಲೆ ನಡೆಯುವಷ್ಟೇ ವೇಗದಲ್ಲಿ ಒತ್ತಿ ನೋಡಿ. ಹೊಸ ಪ್ಯಾಡಿಗೆ ಬೆಡ್ ಆಗಲು, ಅಂದರೆ ಡಿಸ್ಕಿಗೆ ಹೊಂದಿಕೊಳ್ಳಲು ಸಮಯ ಕೊಡಿ. ಖಾಲಿ ರಸ್ತೆಯಲ್ಲಿ 80ರಿಂದ 20ರವರೆಗೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿದು, ಹೀಗೆ ಕೆಲವು ಸಲ, ಕೊನೆಗೆ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ. ಬಿಸಿ ಇರುವಾಗ ಪೆಡಲ್ ಒತ್ತಿ ಹಿಡಿದು ನಿಂತರೆ ಪ್ಯಾಡಿನ ಮಸಿ ಡಿಸ್ಕಿನ ಒಂದೇ ಜಾಗಕ್ಕೆ ಅಂಟುತ್ತದೆ, ಆಮೇಲೆ ಸ್ಟೀರಿಂಗ್ ನಡುಗುತ್ತದೆ, ಡಿಸ್ಕ್ ಬೆಂಡ್ ಆಯಿತು ಅಂತ ಎಲ್ಲರೂ ಹೇಳುತ್ತಾರೆ.

ಲಾಕ್ ಯಾವುದು ಮೊದಲು ಅಂತ ನೋಡಲು ಒಬ್ಬರನ್ನು ಹೊರಗೆ, ದೂರದಲ್ಲಿ ನಿಲ್ಲಿಸಿಕೊಳ್ಳಿ. ಒಳಗೆ ಕೂತವರಿಗೆ ಅದು ಸರಿಯಾಗಿ ಗೊತ್ತಾಗಲ್ಲ. ಖಾಲಿ ಜಾಗ, ನೇರ ದಾರಿ, ಕಡಿಮೆ ವೇಗದಿಂದ ಶುರು. ಒಣ ನೆಲದಲ್ಲಿ ಮುಂದಿನದು ಮೊದಲು, ಅದರ ಹಿಂದೆಯೇ ಹಿಂದಿನದೂ ಲಾಕ್ ಆಗುವ ಹತ್ತಿರ ಬಂದರೆ ಒಳ್ಳೆಯ ಲಕ್ಷಣ. ಒದ್ದೆ ನೆಲದಲ್ಲಿ ಹಿಡಿತ ಕಡಿಮೆ, ಭಾರ ಮುಂದಕ್ಕೆ ವಾಲುವುದೂ ಕಡಿಮೆ. ಆಗ ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚು ಉಳಿಯುತ್ತದೆ, ಮುಂದಿನದು ಮಾತ್ರ ಬಹಳ ಬೇಗ ಲಾಕ್ ಆಗುತ್ತದೆ. ನನ್ನ ಕಾರಿನಲ್ಲಿ ಈಗಲೂ ಮಳೆಯಲ್ಲಿ ಅದೇ ಸ್ವಭಾವ. ಹಾಗಾಗಿ ಮುಂದಿನ ಪ್ಯಾಡನ್ನು ಸ್ವಲ್ಪ ಕಡಿಮೆ ಕಚ್ಚುವ ಜಾತಿಯದಕ್ಕೆ ಬದಲಿಸಿ ನೋಡಬೇಕು ಅಂತಿದ್ದೇನೆ. ಆಮೇಲೆ ಬೇಕಾದರೆ ಹಿಂದಿನ ವ್ಹೀಲ್ ಸಿಲಿಂಡರ್.